ಎಡ ಮೂಲೆ

'ಆಡಬಹುದು' ಅಂದರು ಡಾಕ್ಟರು.
ಸುಂಕದಕಟ್ಟೆಯಿಂದ ಮಾರ್ಕೆಟ್ಟಿನವರೆಗೆ
ಆ ಒಂದೇ ಪದವನ್ನು ಬಿಡಿಸಿ ಬಿಡಿಸಿ ನೋಡಿದೆ.
ಆಡು, ಅದು ನನ್ನದು, ಆರನೇ ಕ್ಲಾಸಿನಿಂದ.
ಬಹುದು ಯಾರದು?
ಬೀಳಬಹುದು, ಏಳಬಹುದು,
ಬಿದ್ದವಳು ಏಳದೆಯೂ ಇರಬಹುದು.
ಯಾವ ಮಾತಿಗಾದರೂ ಜೋತುಬೀಳುತ್ತದೆ ಅದು,
ಅದಕ್ಕೇನು, ಕುತ್ತಿಗೆ ಇದೆಯೇ ಮುರಿಯಲು?

ನನಗಿದೆ. ಐದು ಮತ್ತು ಆರರ ನಡುವೆ
ಒಂದು ತಗಡು, ನಾಲ್ಕು ಸ್ಕ್ರೂ.
ಧನುರ್ಮಾಸದ ಮೊದಲ ಪಾಳಿಯಲ್ಲಿ
ಡಿಪೋ ಗೇಟಿನ ಚಿಲಕದಂತೆ ತಣ್ಣಗೆ
ಗಂಟಲ ಹಿಂದೆ ಕೂತಿರುತ್ತದೆ.
'ತಲೆಗೆ ಬಂದದ್ದು ತಲಪಾಗಿಗೆ ಹೋಯ್ತು ಬಿಡು'
ಅನ್ನುತ್ತಾರೆ ಅತ್ತೆ.
ನಾನೆಲ್ಲಿ ರುಮಾಲು ಸುತ್ತಿದ್ದೆ?

ಅಂದು ಅಮುದಾಳ ರೇಡು. ಶ್ರೀರಾಂಪುರದ ಅಮುದಾ,
ಬೋನಸ್ ಗೆರೆಗೆ ಹೆಬ್ಬೆರಳು ಚಾಚಿ
ಉಸಿರು ಬಿಡದೆಯೇ ನಗಬಲ್ಲವಳು.
ಕಾಲು ಸಿಕ್ಕಿತು. ಅಂಗೈಗೆ ಈಗಲೂ ನೆನಪಿದೆ
ಆ ಗಿಣ್ಣು, ಆಗಷ್ಟೇ ಕಿತ್ತ ಗೆಣಸು, ಮಣ್ಣು ಸಮೇತ.
ಆಮೇಲೆ ಅವಳ ಮಂಡಿ.
ಆಮೇಲೆ ಸುಣ್ಣದ ಗೆರೆ, ರೆಪ್ಪೆಗೆ ಅಂಟುವಷ್ಟು ಹತ್ತಿರ,
ದಾಟಲೋ ಬೇಡವೋ ಅಂತ ನಿಂತ ಒಂದು ಇರುವೆ.
ಬೆರಳಲ್ಲಿ ಸರಿಸೋಣವೆಂದರೆ
ಬಸ್ಸಿನ ಸೀಟಲ್ಲಿ ಯಾರೋ ಮರೆತ ಕೊಡೆಯಂತೆ
ಬಿದ್ದಿತ್ತು ನನ್ನ ಕೈ,
ವಾರಸುದಾರರಿಲ್ಲದೆ.

ಸುಮನಹಳ್ಳಿ ಸೇತುವೆ ಬರುವವರೆಗೂ ಇಲ್ಲ.
ಅಲ್ಲಿ, ಟ್ರಾಫಿಕ್ಕಿನಲ್ಲಿ ಕೂಗುತ್ತಲೇ ನಿಂತ ಆಂಬುಲೆನ್ಸಿನೊಳಗೆ
ಕಿರುಬೆರಳು ಉರಿಯತೊಡಗಿತು.
ಯಾವ ಕಪ್ ಗೆದ್ದಾಗಲೂ ನಾನು ಹಾಗೆ ಅತ್ತಿಲ್ಲ.

ಸ್ಕ್ಯಾನಿನ ಸುರಂಗದಲ್ಲಿ 'ಅಲ್ಲಾಡಬೇಡಮ್ಮ' ಅಂದರು.
ಯಂತ್ರ ಬಡಿಯುತ್ತಲೇ ಇತ್ತು.
ನಾನೂ ತುಟಿ ಮುಚ್ಚಿ ಒಳಗೊಳಗೇ
ಕಬಡ್ಡಿ ಕಬಡ್ಡಿ ಕಬಡ್ಡಿ,
ಉಸಿರು ತೀರುವ ಮೊದಲು ಮನೆ ಮುಟ್ಟಬೇಕು.
ಯಾವ ಮನೆ ಅಂತ ಮಾತ್ರ ತಿಳಿಯಲಿಲ್ಲ.

'ನಿನ್ನಿಷ್ಟ' ಅನ್ನುತ್ತಾನೆ ಸಿದ್ರಾಜು.
ಅಂದವನು ರಾತ್ರಿ ಮೂರು ಸಲ ಎದ್ದು
ನನ್ನ ದಿಂಬು ಸರಿಮಾಡುತ್ತಾನೆ.

ಲೈಟ್ ಡ್ಯೂಟಿ ಮುಗಿದು ಬಸ್ಸಿಗೆ ಬಂದು ತಿಂಗಳಾಯಿತು.
ಡ್ರೈವರು ಬ್ರೇಕ್ ಒತ್ತಿದಾಗಲೆಲ್ಲ
ಎಂಬತ್ತು ಮೈ ನನ್ನ ಮೇಲೆ.
ಈ ಆಟಕ್ಕೆ ಯಾರೂ ಸಹಿ ಕೇಳಲಿಲ್ಲ.
ಆ ಆಟಕ್ಕೆ ಒಂದು ಫಾರಂ ಇದೆ:
'ಸ್ವಂತ ಜವಾಬ್ದಾರಿಯ ಮೇಲೆ', ಕೆಳಗೆ ಖಾಲಿ ಜಾಗ,
ಸೋಮವಾರದೊಳಗೆ.
ಕ್ಯಾಶ್ ಬ್ಯಾಗಿನಲ್ಲಿ ಮಡಿಸಿಟ್ಟಿದ್ದೇನೆ.
ಚಿಲ್ಲರೆ ಕೊಡಲು ಹೋದರೆ ಅದೇ ಕೈಗೆ ಬರುತ್ತದೆ.
ನಿನ್ನೆ ಮಾಗಡಿ ರಸ್ತೆಯ ಒಬ್ಬ ಅಜ್ಜಿಗೆ
ಕೊಟ್ಟೇಬಿಟ್ಟಿದ್ದೆ.

ಅಮುದಾ ಈಗ ಎಡ ಮೂಲೆಯ ಕಡೆ ಹೋಗುವುದಿಲ್ಲವಂತೆ.
ಅಲ್ಲಿ ಬೇರೆ ಯಾರೇ ನಿಂತಿರಲಿ,
ಮುನಿಯಲ್ಲಪ್ಪ ಮೇಷ್ಟ್ರು ಎಷ್ಟೇ ಬಯ್ಯಲಿ,
ಅರ್ಧ ಅಂಕಣದಲ್ಲೇ ಆಡಿ ವಾಪಸಾಗುತ್ತಾಳಂತೆ.
ನನ್ನ ಮೂಳೆ ಕೂಡಿಕೊಂಡಿದೆ, ಫಿಲ್ಮಿನಲ್ಲಿ ಕಾಣುತ್ತದೆ.
ಅವಳದಕ್ಕೆ ಫಿಲ್ಮಿಲ್ಲ.

ಇವತ್ತು ಸಂಜೆ ಮೊಣಕಾಲಿನ ಪಟ್ಟಿಗಳನ್ನು
ಹುಡುಗಿಯರಿಗೆ ಕೊಟ್ಟುಬಿಡೋಣ ಅಂತ
ಕಾಮಾಕ್ಷಿಪಾಳ್ಯದ ಸ್ಕೂಲಿನ ಹಿಂದೆ ಹೋದೆ.
ನೀರು ಚಿಮುಕಿಸಿದ ಮಣ್ಣು, ಒಂದೇ ಒಂದು ಲೈಟು,
ಕಾಂಪೌಂಡಿನಾಚೆ ಕೊತ್ತಂಬರಿ ಗಾಡಿಯ ಮೈಕು.
ಒಳಗೆ ಹೋಗಲಿಲ್ಲ. ಲಾಬಿಯಲ್ಲಿ ನಿಂತೆ.
ಅಂಕಣದ ಪಕ್ಕದ ಒಂದು ಮೀಟರಿನ ಪಟ್ಟಿ ಅದು.
ಯಾರನ್ನಾದರೂ ಮುಟ್ಟುವವರೆಗೆ ಹೊರಗು,
ಮುಟ್ಟಿದ ಮೇಲೆ ಅದೂ ಆಟ.

ಅಮುದಾ ರೇಡಿಗೆ ಇಳಿದಿದ್ದಳು. ನನ್ನ ಕಂಡಳು.
ಬಾಯಲ್ಲಿ ಕಬಡ್ಡಿ ತಪ್ಪಲಿಲ್ಲ,
ಹೆಜ್ಜೆ ಮಾತ್ರ ತಡವರಿಸಿತು, ತಿರುಗಿತು
ವರ್ಷದಿಂದ ತುಳಿಯದ ಮೂಲೆಯ ಕಡೆಗೆ.
ನನ್ನ ಮಂಡಿಗಳು ನನ್ನ ಕೇಳದೆ ಮಡಿಸಿದವು.
ಹತ್ತೂ ಬೆರಳು ಅಗಲವಾದವು.
ಕುತ್ತಿಗೆಯ ತಗಡು ಏನೂ ಹೇಳಲಿಲ್ಲ.

ಇನ್ನೂ ಯಾರೂ ಯಾರನ್ನೂ ಮುಟ್ಟಿಲ್ಲ.
ಅವಳ ಉಸಿರು ಕೇಳಿಸುತ್ತಿದೆ.